ಸೀಡಿ ಪ್ಲೇಯರೂ ಸಾಹೇಬರು ಬಿಟ್ಟ ಖಾಲಿ ಜಾಗವೂ

ನಮ್ಮ ಮನೆಯಲ್ಲಿ ನನ್ನ ಚೀಟಿಯಿಂದ ತಪ್ಪಿಸಿಕೊಂಡಿರುವವರು ನನ್ನ ಹೆಂಡತಿ ಶಾರದೆ ಮತ್ತು ಹಿತ್ತಿಲಿನ ಬೆಕ್ಕು, ಇಬ್ಬರೇ. ಉಳಿದಂತೆ ಉಪ್ಪಿನ ಡಬ್ಬಿಯ ಮೇಲೆ ‘ಉಪ್ಪು’ ಎಂದೂ, ಟಾರ್ಚಿನ ಬೆನ್ನಿಗೆ ಸೆಲ್ಲು ಹಾಕಿದ ತಾರೀಖೂ, ಕೊಡೆಯ ಹಿಡಿಗೆ ನನ್ನ ಹೆಸರೂ ಅಂಟಿಕೊಂಡಿವೆ. ಕುಣಿಗಲ್ಲಿನ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ಡ್ರಿಲ್ ಮೇಷ್ಟರಾಗಿ ಮಕ್ಕಳನ್ನು ಎತ್ತರದ ಕ್ರಮದಲ್ಲಿ ನಿಲ್ಲಿಸಿದವನು, ನಿವೃತ್ತನಾಗಿ ಗುಬ್ಬಿಗೆ ಬಂದ ಮೇಲೆ ಡಬ್ಬಿಗಳನ್ನಾದರೂ ಸಾಲಾಗಿ ನಿಲ್ಲಿಸದೆ ಬದುಕುವುದು ಹೇಗೆ, ನೀವೇ ಹೇಳಿ.

ಈ ಚೀಟಿಗಳ ಸಾಮ್ರಾಜ್ಯದ ಪಟ್ಟದಾನೆ ಎಂದರೆ ನಮ್ಮ ಆಂಪ್ಲಿಫೈಯರು. ತೊಂಬತ್ತರ ದಶಕದ ಆರಂಭದಲ್ಲಿ ತುಮಕೂರಿನ ರೇಡಿಯೊ ರಿಪೇರಿ ರಹೀಂ ಸಾಹೇಬರು ಅದನ್ನು ಕೈಯಾರೆ ಕಟ್ಟಿಕೊಟ್ಟರು. ಸ್ಪೀಕರಿನ ಪೆಟ್ಟಿಗೆಗಳನ್ನು ಕುಣಿಗಲ್ಲಿನ ಆಚಾರರೊಬ್ಬರು ಹಲಸಿನ ಮರದಲ್ಲಿ ಮಾಡಿದರು. ಆಂಪ್ಲಿಫೈಯರಿನ ಹಿಂಬದಿಯಲ್ಲಿ ವೈರು ಸಿಕ್ಕಿಸಲು ಮೂರು ಜೋಡಿ ತೂತುಗಳಿದ್ದವು: ಒಂದು ಗ್ರಾಮಫೋನಿಗೆ, ನಡುವಿನದು ಟೇಪಿಗೆ. ಮೂರನೆಯದು ಯಾತಕ್ಕೆ ಎಂದು ಕೇಳಿದ್ದಕ್ಕೆ ಸಾಹೇಬರು, “ನಾಳೆ ಏನ್ ಬರ್ತದೋ ಯಾರಿಗ್ಗೊತ್ತು ಮೇಷ್ಟ್ರೇ, ಒಂದ್ ಜಾಗ ಖಾಲಿ ಇರ್ಲಿ” ಅಂದರು. ವೇಳಾಪಟ್ಟಿಯಲ್ಲಿ ಒಂದು ಪೀರಿಯಡ್ಡನ್ನೂ ಖಾಲಿ ಬಿಡದ ನನಗೆ ಆ ಮಾತು ಶುದ್ಧ ಸೋಮಾರಿತನವಾಗಿ ಕೇಳಿಸಿತು. ಮನೆಗೆ ಬಂದವನೇ ಆ ಜಾಗಕ್ಕೂ ‘ಹೆಚ್ಚುವರಿ’ ಎಂದು ಚೀಟಿ ಅಂಟಿಸಿಬಿಟ್ಟೆ.

ಹತ್ತು ವರ್ಷ ಕಳೆಯುವಷ್ಟರಲ್ಲಿ ಕ್ಯಾಸೆಟ್ಟುಗಳು ಮುದಿಯಾಗಿ ಟೇಪು ಕಕ್ಕತೊಡಗಿದವು. ಊರೆಲ್ಲ ಸೀಡಿಯ ಕಡೆ ಹೊರಳಿತು. ಶಾರದೆಯ ಅಕ್ಕ ಭಾವ ಕುಣಿಗಲ್ಲಿನಲ್ಲಿ ಬಣ್ಣದ ದೀಪ ಮಿಣುಗುಟ್ಟುವ, ಎಲ್ಲವೂ ಒಂದರಲ್ಲೇ ಇರುವ ಸೆಟ್ಟೊಂದನ್ನು ಕೊಂಡರು. ನಾನು ಮಾತ್ರ ಆಂಪ್ಲಿಫೈಯರು ಗಟ್ಟಿಯಾಗಿದೆ, ಸ್ಪೀಕರು ಗಟ್ಟಿಯಾಗಿವೆ, ಬೇಕಾದ್ದು ಸೀಡಿ ಓದುವ ಒಂದು ಪೆಟ್ಟಿಗೆ ಅಷ್ಟೇ ಎಂದು ತೀರ್ಮಾನಿಸಿ, ಪಿಂಚಣಿಗೆ ನಿಲುಕುವ ಪ್ಲೇಯರನ್ನು ಹುಡುಕುತ್ತ ಸತತ ಮೂರು ಶನಿವಾರ ಬೆಳಗ್ಗೆ ಒಂಬತ್ತರ ಬಸ್ಸಿಗೆ ತುಮಕೂರಿಗೆ ಹೋದೆ. ಅಗ್ಗದ ಪ್ಲೇಯರುಗಳಲ್ಲಿ ಹೆಚ್ಚಿನವು ಸಿನಿಮಾ ನೋಡಲೆಂದೇ ಹುಟ್ಟಿದವು. ಎಷ್ಟನೆಯ ಹಾಡು ಎಂದು ತಿಳಿಯಬೇಕಾದರೂ ಟೀವಿ ಹಚ್ಚಬೇಕು. ಆದ್ದರಿಂದ ಹಾಡಿನ ಸಂಖ್ಯೆ ಪ್ಲೇಯರಿನ ಹಣೆಯ ಮೇಲೆಯೇ ಕಾಣಬೇಕೆಂಬುದು ನನ್ನ ಮೊದಲ ನಿಯಮ. ಎರಡನೆಯದು, ನನ್ನ ಭಾವಮೈದುನ ಕಾರಿನಲ್ಲಿ ಎಲ್ಲೆಂದರಲ್ಲಿ ಬಿಸಾಡಿ ಗೀರುಗಳ ಜಾಲವನ್ನೇ ಮಾಡಿದ್ದ ಒಂದು ಸೀಡಿಯನ್ನು ಅದು ತೊದಲದೆ ಓದಬೇಕು.

“ಹೊಸ ಸೀಡಿ ಹಾಕಿ ಕೇಳಿ ಮೇಷ್ಟ್ರೇ, ಚೆನ್ನಾಗಿರ್ತದೆ,” ಎಂದು ಅಂಗಡಿಯವನು ಅಂಗಲಾಚಿದ.

“ಚೆನ್ನಾಗ್ ಓದೋ ಹುಡುಗ್ರನ್ನ ಯಾರ್ ಬೇಕಾದ್ರೂ ಪಾಸ್ ಮಾಡಿಸ್ತಾರೆ ಕಣಪ್ಪ,” ಅಂದೆ.

ಮೂರು ಪ್ಲೇಯರುಗಳು ಮೂರನೆಯ ಹಾಡಿನಲ್ಲೇ ಮುಗ್ಗರಿಸಿದವು. ಎಲ್ಲಕ್ಕಿಂತ ಅಗ್ಗದ, ಕುಲಗೋತ್ರ ತಿಳಿಯದ ನಾಲ್ಕನೆಯದು ಕೊನೆಯವರೆಗೂ ನಿಲ್ಲದೆ ಹಾಡಿತು. ನನ್ನ ವಿದ್ಯಾರ್ಥಿಯೇ ಓಟದಲ್ಲಿ ಗೆದ್ದಷ್ಟು ಹೆಮ್ಮೆಯಿಂದ ಅದನ್ನು ಮನೆಗೆ ತಂದು ‘ಹೆಚ್ಚುವರಿ’ಗೆ ಸಿಕ್ಕಿಸಿ ಗುಂಡಿ ಒತ್ತಿದೆ. ಹೊರಬಂದದ್ದು ಹಾಡಲ್ಲ, ತಗಡನ್ನು ಹರಿದಂಥ ಕರ್ಕಶ ಸದ್ದು. ಅಂಗಡಿಗೆ ಮರಳಿ ಒಯ್ದರೆ ಅಲ್ಲಿ ಪ್ಲೇಯರು ಕೋಗಿಲೆ. ಅಪರಾಧವೆಲ್ಲ ಆಂಪ್ಲಿಫೈಯರಿನ ತಲೆಗೆ ಬಂತು.

“ಭಾನುವಾರ ಅಕ್ಕ ಭಾವ ಬರ್ತಾರೆ ಕಣ್ರೀ. ಅಷ್ಟರೊಳಗೆ ಸರಿಹೋಗ್ಲಿಲ್ಲ ಅಂದ್ರೆ ಆ ಡಬ್ಬ ಗುಜರಿಗೆ ಹಾಕಿ, ನಾವೂ ಒಂದು ಸೆಟ್ ತರೋಣ,” ಅಂದಳು ಶಾರದೆ.

ಗುಜರಿ ಎಂಬ ಮಾತು ಎದೆಗೆ ನಾಟಿತು. ಸಿದ್ಧ ಸೆಟ್ಟುಗಳ ಭರಾಟೆಯಲ್ಲಿ ಸಾಹೇಬರ ಮೇಜಿನ ಮುಂದೆ ಗಿರಾಕಿಗಳು ವಿರಳವಾಗಿದ್ದರು. ಬಂದ ಒಬ್ಬಿಬ್ಬರಿಗೂ ಅವರು ಕೊಡುತ್ತಿದ್ದ ಸಾಕ್ಷ್ಯ ಒಂದೇ: “ಗುಬ್ಬಿ ಮೇಷ್ಟ್ರ ಮನೇಲಿ ಹೋಗಿ ಕೇಳಿ.” ಆ ಸಾಕ್ಷ್ಯವೇ ಸತ್ತಿತೆಂದು ಅವರಿಗೆ ಹೇಳುವ ಬಾಯಿ ಯಾವುದು? ಶನಿವಾರ ಆಂಪ್ಲಿಫೈಯರನ್ನು ದುಪ್ಪಟಿಯಲ್ಲಿ ಸುತ್ತಿ, ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು, ಪ್ಲೇಯರಿನ ಚೀಲವನ್ನು ಕಾಲಡಿಯಲ್ಲಿರಿಸಿಕೊಂಡು ಬಸ್ಸಿನಲ್ಲಿ ಕುಳಿತೆ.

ಅವರ ಮೇಜಿನ ಮೇಲೆ, ಅಲ್ಲಿದ್ದ ಸ್ಪೀಕರುಗಳೊಂದಿಗೆ, ನಾನೇ ಮನೆಯಲ್ಲಿದ್ದಂತೆ ಜೋಡಿಸಿ ಗುಂಡಿ ಒತ್ತಿದೆ. ಅದೇ ಕರ್ಕಶ. ಸಾಹೇಬರ ಮುಖ ಸಣ್ಣದಾಯಿತು. ಸ್ವಲ್ಪ ಹೊತ್ತು ತಲೆ ಓರೆಮಾಡಿ ಕೇಳಿ, ಆಂಪ್ಲಿಫೈಯರನ್ನು ತಿರುಗಿಸಿ, ನನ್ನ ಚೀಟಿಯೊಂದನ್ನು ಉಗುರಿನಿಂದ ಕೆರೆದರು. ಅಡಿಯಲ್ಲಿ ಅವರು ಗುರುತಿಗೆಂದು ಇಟ್ಟಿದ್ದ ಕೆಂಪು ಬೊಟ್ಟು ಕಂಡಿತು.

“ಇದ್ನ ಯಾರ್ ಅಂಟಿಸಿದ್ದು ಮೇಷ್ಟ್ರೇ?”

“ನಾನೇ. ಪ್ರತಿ ಆಯುಧಪೂಜೆಗೂ ಒರಸಿ, ಕುಂಕುಮ ಇಟ್ಟು, ಹೊಸ ಚೀಟಿ ಹಾಕ್ತೀನಿ.”

“ಮುಂದೆ ನಿಂತ್ಕಂಡು, ಮೇಲಿಂದ ಬಗ್ಗಿ ಹಾಕಿದೀರ. ಎಡದ್ದು ಬಲಕ್ಕೆ ಹೋಗಿದೆ. ಕೆಂಪು ಬೊಟ್ಟಿರೋ ಇದು ಗ್ರಾಮಫೋನಿನ ಜಾಗ. ಅದ್ರ ದನಿ ಸಣ್ಣದು ಅಂತ ಇಲ್ಲಿ ಜಾಸ್ತಿ ಎತ್ತಿಕೊಡ್ತೀನಿ. ನಿಮ್ ಸೀಡಿ ಮೊದಲೇ ಜೋರು. ಕಿರುಚೋನ ಕೈಗೆ ಮೈಕ್ ಕೊಟ್ಟಂಗಾಯ್ತು.”

ನಡುವಿನ ಟೇಪಿಗೆ ಎಡಬಲದ ಹಂಗಿಲ್ಲದ್ದರಿಂದ, ಗ್ರಾಮಫೋನು ಮೊದಲೇ ಅಟ್ಟ ಸೇರಿದ್ದರಿಂದ, ನನ್ನ ಪ್ರಮಾದ ವರ್ಷಗಟ್ಟಲೆ ಕುಂಕುಮವಿಟ್ಟುಕೊಂಡು ನಿಶ್ಚಿಂತೆಯಿಂದಿತ್ತು. ಮಕ್ಕಳ ಎದುರು ನಿಂತು, ಅವರ ಎಡವೇ ನನ್ನ ಬಲ ಎಂಬುದನ್ನು ಮೂವತ್ತು ವರ್ಷ ಒಮ್ಮೆಯೂ ಮರೆಯದೆ ಕವಾಯತು ಮಾಡಿಸಿದ ಮನುಷ್ಯ ಮೂರು ಜೋಡಿ ತೂತುಗಳ ಎದುರು ತಪ್ಪು ಹೆಜ್ಜೆ ಹಾಕಿದ್ದೆ. ಗುಜರಿಗೆ ಹೋಗಬೇಕಾದ್ದು ಯಾವುದೆಂದು ಸಾಹೇಬರು ಕೇಳಲಿಲ್ಲ. ಅದು ಅವರ ದೊಡ್ಡತನ.

ಅವರು ವೈರನ್ನು ಆ ಕೊನೆಯಿಂದ ಈ ಕೊನೆಗೆ ಸರಿಸಿದರು. ಹಾಡು ಹೂವಿನಂತೆ ಬಿಚ್ಚಿಕೊಂಡಿತು. ಪಕ್ಕದ ಅಂಗಡಿಯ ದರ್ಜಿ ಹೊಲಿಗೆ ನಿಲ್ಲಿಸಿ ಬಾಗಿಲಿಗೆ ಬಂದ. ಸಾಹೇಬರು ಕಣ್ಣು ಮುಚ್ಚಿ ಹಾಡು ಮುಗಿಯುವವರೆಗೂ ಕೇಳಿ, “ಹತ್ತು ವರ್ಷದ ಮೇಲೆ ಆ ಜಾಗಕ್ಕೆ ಆಳು ಬಂತು ನೋಡಿ,” ಅಂದರು. ನಾನು ಸೋಮಾರಿತನವೆಂದು ಭಾವಿಸಿದ್ದು ದೂರದೃಷ್ಟಿಯಾಗಿತ್ತು. ಪ್ರತಿಯೊಂದಕ್ಕೂ ಹೆಸರು ಕೊಟ್ಟು ಮುಗಿಸುವುದಷ್ಟೇ ಶಿಸ್ತಲ್ಲ, ಇನ್ನೂ ಬಾರದಿರುವುದಕ್ಕೆ ಜಾಗ ಬಿಡುವುದೂ ಶಿಸ್ತೇ ಎಂದು ಅವರ ಮೇಜಿನ ಮುಂದೆ ಕುಳಿತು ಕಲಿತೆ. ಕಲಿತ ಪಾಠದ ಗುರುತಾಗಿ ಇನ್ನೂ ಒಂದು ಜೋಡಿ ತೂತು ಕೊರೆದುಕೊಡಿ ಎಂದು ಕೇಳಿದೆ. ಅವರು ನಕ್ಕು ಕನ್ನಡಕ ಏರಿಸಿಕೊಂಡರು.

ಭಾನುವಾರ ಹಲಸಿನ ಪೆಟ್ಟಿಗೆಗಳಿಂದ ಹೊಮ್ಮಿದ ದನಿಗೆ ಭಾವನವರ ಕಾಫಿ ಕೈಯಲ್ಲೇ ಆರಿತು.

“ಯಾವ ಕಂಪ್ನೀದ್ರೀ ಇದು?”

“ರಹೀಂ ಸಾಹೇಬ್ರುದು,” ಎಂದು ನನಗಿಂತ ಮೊದಲೇ ಶಾರದೆ ಉತ್ತರಿಸಿದಳು. ಭಾವನವರು ಅಂಗಡಿಯ ವಿಳಾಸ ಬರೆದುಕೊಂಡರು.

ಆದ್ದರಿಂದ ಮೊದಲಿಗೆ ಹೇಳಿದ ಸಂಖ್ಯೆಯನ್ನು ಈಗ ತಿದ್ದಬೇಕಾಗಿದೆ. ನಮ್ಮ ಮನೆಯಲ್ಲಿ ಚೀಟಿ ತಪ್ಪಿಸಿಕೊಂಡವರು ಮೂವರು: ಶಾರದೆ, ಬೆಕ್ಕು, ಮತ್ತು ಆಂಪ್ಲಿಫೈಯರಿನ ನಾಲ್ಕನೆಯ ಜೋಡಿ. ಆಯುಧಪೂಜೆಯ ದಿನ ಅದಕ್ಕೂ ಕುಂಕುಮ ಇಡುತ್ತೇನೆ, ಈಗ ಹಿಂದೆ ಹೋಗಿ ನಿಂತು.