ಬೋಗಾದಿಯ ಬೆಣ್ಣೆ ಬಣ್ಣದ ಹೂ

ವಿದ್ಯಾರಣ್ಯಪುರಂನ ನಮ್ಮ ಬೀದಿಯಲ್ಲಿ ಪುಟ್ಟತಾಯಮ್ಮನವರಷ್ಟು ಮರ್ಯಾದಸ್ಥ ಕಳ್ಳರು ಇನ್ನೊಬ್ಬರಿರಲಿಲ್ಲ. ಕದಿಯುತ್ತಿದ್ದುದು ಗಿಡದ ಕಡ್ಡಿಗಳನ್ನು ಮಾತ್ರ. ಕೇಳಿ ತಂದ ಗಿಡ ಬೇರು ಬಿಡುವುದಿಲ್ಲ, ಕದ್ದು ತಂದರೇ ಚಿಗುರುವುದು ಎಂದು ಬೀದಿಯ ಹೆಂಗಸರೆಲ್ಲ ನಂಬಿದ್ದರು. ಹಾಗಾಗಿ ಯಾರ ಕಾಂಪೌಂಡಿಗೆ ಯಾರು ಕೈ ಹಾಕಿದರೂ ಮನೆಯವರು ನೋಡಿಯೂ ನೋಡದಂತೆ ಅಕ್ಕಿ ಆರಿಸುತ್ತಿದ್ದರು.

ಪುಟ್ಟತಾಯಮ್ಮನ ಮನೆ ಮುಂದೆ ಗೇಟಿನಿಂದ ಮೆಟ್ಟಿಲವರೆಗೆ ಹತ್ತು ಗಂಟೆ ಹೂ ನೆಲ ಕಾಣದಂತೆ ಹಬ್ಬಿತ್ತು. ಬಿಸಿಲೇರಿದಾಗ ಅರಳಿ, ಊಟದ ಹೊತ್ತು ಮೀರಿದರೆ ಮುದುಡುವ ಹೂ. ರಾಣಿ ಬಣ್ಣ, ಕೆಂಪು, ಕಿತ್ತಳೆ, ಬಿಳಿ, ಎಲ್ಲವೂ ಇದ್ದವು. ಯಾರಾದರೂ ಹೊಗಳಿದರೆ ಅವರದು ಒಂದೇ ಉತ್ತರ: "ಬೆಣ್ಣೆ ಬಣ್ಣದ್ದು ಇಲ್ವಲ್ಲ ಕಣ್ರೀ."

ಬೆಣ್ಣೆ ಬಣ್ಣದ್ದು ಅವರ ಅವ್ವನ ಹಿತ್ತಲಿನದು. ಅವ್ವ ಹೋದ ಮೇಲೆ ಅದು ಉಳಿದದ್ದು ಒಂದೇ ಕಡೆ, ಬೋಗಾದಿಯಲ್ಲಿ, ತಂಗಿ ಚಾಮುಂಡಮ್ಮನ ಮನೆಯಲ್ಲಿ. ಆ ಮನೆಗೂ ಈ ಮನೆಗೂ ಒಂಬತ್ತು ವರ್ಷದಿಂದ ಮಾತಿರಲಿಲ್ಲ.

ಕಾರಣ ಒಂದು ಲಗ್ನಪತ್ರಿಕೆ. ತೊಂಬತ್ತನಾಲ್ಕರಲ್ಲಿ ಚಾಮುಂಡಮ್ಮನ ಮಗ ಶಿವಪ್ರಕಾಶನ ಮದುವೆ. ಸುಖಾಗಮನ ಬಯಸುವವರ ಸಾಲಿನಲ್ಲಿ ಪುಟ್ಟತಾಯಮ್ಮನ ಗಂಡ ಜವರಯ್ಯನವರ ಹೆಸರು ಏಳನೆಯದಾಗಿ ಬಿತ್ತು. 'ನಿವೃತ್ತ ಹೆಡ್ ಕ್ಲರ್ಕ್' ಎಂಬುದಂತೂ ಇರಲೇ ಇಲ್ಲ. ಮೂವತ್ತನಾಲ್ಕು ವರ್ಷ ಕಡತಗಳಿಗೆ ಪುಟಸಂಖ್ಯೆ ಹಾಕಿದ ಮನುಷ್ಯನಿಗೆ ಏಳನೆಯದೆಂದರೆ ಏನೆಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಪತ್ರಿಕೆಯ ಮೇಲೆ ಕೆಂಪು ಇಂಕಿನಲ್ಲಿ ಗೆರೆ ಎಳೆದು, "ಆ ಮನೆ ಹೊಸಲು ನಾವ್ಯಾರೂ ತುಳಿಯಕೂಡದು" ಎಂದು ಆದೇಶ ಹೊರಡಿಸಿದರು. ಸುದ್ದಿ ಬೋಗಾದಿ ತಲುಪಿದಾಗ ಚಾಮುಂಡಮ್ಮ, "ನಾನಾಗಿ ಬಾ ಅಂತ ಕರೆದ್ರೆ ಕೇಳಿ" ಎಂದರು. ಆ ಮದುಮಕ್ಕಳ ಮಗಳು ಮೂರನೇ ಕ್ಲಾಸಿಗೆ ಬಂದರೂ ಎರಡೂ ಆದೇಶಗಳು ಜಾರಿಯಲ್ಲಿದ್ದವು.

ಎರಡು ಸಾವಿರದ ಮೂರರ ಬೇಸಿಗೆಯಲ್ಲಿ ಪುಟ್ಟತಾಯಮ್ಮ ಗಂಡನ ಮುಂದೆ ನಿಂತು, "ಬೋಗಾದಿಗೆ ಹೋಗಿ ಆ ಹೂವಿನ ಕಡ್ಡಿ ಕದ್ಕೊಂಡು ಬತ್ತೀನಿ" ಎಂದರು.

"ಆ ಹೊಸಲು..."

"ಹೊಸಲು ಯಾರು ತುಳೀತಾರೆ? ಗೇಟಿನ ಸಂದೀಲಿ ಕೈ ಹಾಕ್ತೀನಿ, ಅಷ್ಟೇಯ."

ಜವರಯ್ಯ ಪೇಪರು ಮಡಿಸಿ ಯೋಚಿಸಿದರು. ಆದೇಶದಲ್ಲಿ ಗೇಟಿನ ಪ್ರಸ್ತಾಪವಿರಲಿಲ್ಲ. "ಕೈ ಮಾತ್ರ" ಎಂದು ಮಂಜೂರು ಮಾಡಿದರು.

ಪುಟ್ಟತಾಯಮ್ಮ ಎರಡು ಬಸ್ಸು ಹತ್ತಿ ಹೋದರು. ಖಾಲಿ ಸೈಟುಗಳ ನಡುವೆ ತಂಗಿಯ ಮನೆ. ಸರಳುಗಳ ನಡುವೆ ಕೈ ತೂರಿಸಿ ನಾಲ್ಕು ಕಡ್ಡಿ ಮುರಿದು ಸೆರಗಿನಲ್ಲಿ ಸುತ್ತಿಕೊಂಡರು. ಒಳಗೆ ಒಗ್ಗರಣೆ ಚಟಪಟ ಎಂದಿತು, ಹಿಂದೆಯೇ ತಂಗಿಯ ಕೆಮ್ಮು. ಅದು ಇನ್ನೊಂದು ಸಲ ಕೇಳಲಿ ಎಂದು ನಿಂತವರಿಗೆ ಬಸ್ಸು ತಪ್ಪಿತು.

ಬೇರೆ ಬಣ್ಣಗಳನ್ನೆಲ್ಲ ಬಿಸಿಲಿಗೆ ಬಿಟ್ಟು ಮರೆತೇ ಬೆಳೆಸಿದ್ದ ಪುಟ್ಟತಾಯಮ್ಮ, ಈ ನಾಲ್ಕು ಕಡ್ಡಿಗಳಿಗೆ ಹಗಲೆಲ್ಲ ಮೊರದ ಮರೆ ಮಾಡಿದರು, ಹೊತ್ತಿಗೆರಡು ಚೊಂಬು ನೀರು ಹೊಯ್ದರು. ಹತ್ತೇ ದಿನಕ್ಕೆ ಕೊಳೆತವು. ಮತ್ತೆ ಬೋಗಾದಿ, ಮತ್ತೆ ಚೊಂಬು, ಮತ್ತೆ ಕೊಳೆತವು.

ಮೂರನೇ ಸಲ ಹೋದಾಗ ಬೆಣ್ಣೆ ಬಣ್ಣದ ಪಾತಿ ಗೇಟಿನಾಚೆ ರಸ್ತೆ ಬದಿಗೆ ಬಂದಿತ್ತು. ಸುತ್ತ ಇಟ್ಟಿಗೆ, ಪಕ್ಕದಲ್ಲಿ ಕೂರಲು ಒಂದು ಕಲ್ಲುಚಪ್ಪಡಿ. ಪುಟ್ಟತಾಯಮ್ಮ ಕೂತರು. ಹೂಗಳೆಲ್ಲ ಅರಳಿದ್ದವು. ನಾಲ್ಕು ಕಡ್ಡಿ ಮುರಿಯಲು ಮುಕ್ಕಾಲು ಗಂಟೆ ಹಿಡಿಯಿತು.

ಎದ್ದು ಹೊರಡುವಾಗ ಕಿಟಕಿಯೊಳಗಿಂದ, ಗೋಡೆಗೆ ಹೇಳಿದ ಹಾಗೆ, ಚಾಮುಂಡಮ್ಮನ ದನಿ ಬಂತು: "ನೀರು ಕಮ್ಮಿ ಹುಯ್ಯಬೇಕು. ಅವ್ವ ಏನು ದಿನಾ ಹುಯ್ತಿದ್ಲಾ?"

ಪುಟ್ಟತಾಯಮ್ಮ ರಸ್ತೆಯ ಕಡೆ ನೋಡುತ್ತ, "ಅವ್ವನ ಕೈಗುಣ ಎಲ್ರಿಗೂ ಬತ್ತದಾ?" ಎಂದರು.

"ಬಿಸಿಲಿಗೆ ಬುಟ್ಬುಟ್ರೆ ತಾನಾಗೇ ಬತ್ತದೆ."

ಬಾ ಎಂದು ತಂಗಿ ಕರೆಯಲಿಲ್ಲ, ಅಕ್ಕ ಹೊಸಲು ತುಳಿಯಲಿಲ್ಲ. ಎರಡೂ ಮನೆಗಳ ಗೌರವಕ್ಕೆ ಕುಂದು ಬರಲಿಲ್ಲ.

ತಂಗಿ ಹೇಳಿದಂತೆಯೇ ಮಾಡಿದರು. ಕಡ್ಡಿ ಹಿಡಿದುಕೊಂಡಿತು. ಆಷಾಢದಲ್ಲಿ ಮೊದಲ ಹೂ ಅರಳಿತು. ಅವ್ವನ ಹಿತ್ತಲಿನ ಅದೇ ಬಣ್ಣ. ಜವರಯ್ಯ ಬಗ್ಗಿ ಪರಿಶೀಲಿಸಿ, "ಮುಗೀತಲ್ಲ, ಇನ್ನು ಬೋಗಾದಿ ಕೆಲಸ ಇಲ್ಲ" ಎಂದು ಕಡತ ಮುಚ್ಚಿದರು.

ಗಿಡ ತಿಂಗಳೊಪ್ಪತ್ತಿನಲ್ಲಿ ಮೊರದಗಲ ಹಬ್ಬಿತು. ಪುಟ್ಟತಾಯಮ್ಮ ದಿನಾ ಬೆಳಿಗ್ಗೆ ಅದರ ಮುಂದೆ ಕೂತು, ಎಲ್ಲಾದರೂ ಬಾಡಿದೆಯೇ ಎಂದು ಎಲೆ ಎಲೆ ತಿರುವಿ ನೋಡುವರು. ಎಲ್ಲೂ ಬಾಡಿರಲಿಲ್ಲ. ಪೊಗದಸ್ತಾಗಿ ಬೆಳೆಯುತ್ತಲೇ ಇತ್ತು.

ಒಂದು ದಿನ, ಹೂಗಳೆಲ್ಲ ಬಾಯಿ ಬಿಟ್ಟು ಅರಳಿದ್ದ ಹತ್ತು ಗಂಟೆ ಹೊತ್ತಿನಲ್ಲಿ, ಪುಟ್ಟತಾಯಮ್ಮ ಒಂದು ಬಕೆಟ್ ನೀರು ತಂದು ಆ ಗಿಡದ ಬುಡಕ್ಕೆ ಸುರಿದರು. ಎರಡನೆಯದನ್ನೂ ಸುರಿದರು. ಜಗಲಿಯಲ್ಲಿದ್ದ ಜವರಯ್ಯ ಪೇಪರಿನ ಮೇಲಿಂದ ನೋಡುತ್ತಿದ್ದವರು ಎದ್ದು ಹೋಗಿ ನಲ್ಲಿ ತಿರುಗಿಸಿ, ಮೂರನೇ ಬಕೆಟ್ಟನ್ನು ತಾವೇ ತುಂಬಿಸಿ ತಂದರು. ನಿಧಾನವಾಗಿ, ಒಂದು ತೊಟ್ಟೂ ಆಚೆ ಹೋಗದಂತೆ, ಬುಡಕ್ಕೇ ಹೊಯ್ದರು.

ಆಮೇಲೆ ಹೆಂಡತಿಯ ಮುಖ ನೋಡದೆ ಕೇಳಿದರು: "ಆ ಚಪ್ಪಡಿ ಮೇಲೆ ಇಬ್ರು ಕೂರಬೌದಾ?"