ಬಲ್ಬಿನ ಅತ್ತಿಗೆ

ನಮ್ಮ ಬೀದಿಯ ಕೊನೆಗೆ ಒಂದು ಸಣ್ಣ ಸೇವಂತಿಗೆ ತೋಟ. ತೋಟದ ನಡುವೆ ಒಂಟಿ ಕೋಣೆ, ಕೋಣೆಯಲ್ಲಿ ಬಲ್ಬಿನ ಅತ್ತಿಗೆ. ಆ ಹೆಸರು ಅವಳಿಗೆ ಅಂಟಿಕೊಂಡದ್ದು ಗಂಡ ಸತ್ತ ವರ್ಷ.

ಸಸಿ ಮಾಡುವುದು, ಕುಡಿ ಚಿವುಟುವುದು, ನೀರು ಕಟ್ಟುವುದು ಎಲ್ಲ ಗಂಡ ಹೆಂಡತಿಯದೇ ಕೆಲಸವಾಗಿತ್ತು. ಮೈದುನ ಬುಟ್ಟಿ ಹೊತ್ತು ಪೇಟೆಗೆ ಹೋಗುವವನು. ಅವನಿಗೆ ಹೂವು ಗೊತ್ತು, ಗಿಡ ಗೊತ್ತಿಲ್ಲ. ಅಣ್ಣ ತೀರಿಕೊಂಡ ಮೇಲೆ ಒಂದು ದಿನ ಬಾಗಿಲಲ್ಲಿ ನಿಂತು, ಚಪ್ಪಲಿ ಕೂಡ ಬಿಡದೆ ಹೇಳಿದ.

“ಅತ್ತಿಗೆ, ಕೋಣೆ ನಿಮಗೇ ಇರ್ಲಿ. ಪಾತಿ ಕಡೆ ಮಾತ್ರ ಬರ್ಬೇಡಿ. ಕೂಲಿಯವ್ರು ನೋಡ್ಕೋತಾರೆ.”

“ಬಾವಿ ಪಕ್ಕದ ಪಾತಿಗಳನ್ನ ನಿಮ್ಮಣ್ಣ ನಂಗಂತ ಬಿಟ್ಟಿದ್ರಲ್ಲಪ್ಪ?”

“ಸತ್ತೋರು ಹೇಳಿದ್ದನ್ನ ಸತ್ತೋರನ್ನೇ ಕೇಳಿ.”

ಆ ಮಾತು ಅವಳ ಎದೆಯಲ್ಲಿ ಮುಳ್ಳಿನಂತೆ ಮುರಿದು ಕೂತಿತು. ಅವಳು ಅಳಲಿಲ್ಲ. “ಅತ್ತಿದ್ರೆ ಅವನಿಗೆ ಹಗುರ ಆಗ್ತಿತ್ತು ಕಣೇ” ಎಂದು ಆಮೇಲೆ ನನಗೆ ಹೇಳಿದಳು.

ಗಂಡ ಇದ್ದಾಗ, ಕತ್ತಲಾದ ಮೇಲೆ ಹೊರಗೆ ದೀಪ ಉರಿದರೆ ಬೈಯುತ್ತಿದ್ದ. ಹಗಲು ಕುಗ್ಗಿ ಇರುಳು ಉದ್ದವಾದಾಗಲೇ ಸೇವಂತಿಗೆ ಮೊಗ್ಗು ಕಟ್ಟುವುದು. ಇರುಳೆಲ್ಲ ಬೆಳಕು ಬಿದ್ದರೆ ಇನ್ನೂ ದೊಡ್ಡ ಹಗಲೇ ನಡೆದಿದೆ ಅಂದುಕೊಂಡು ಗಿಡ ಬರೀ ಎಲೆ ಬಿಡುತ್ತ ಹೋಗುತ್ತದೆ. ಪೇಟೆಯಲ್ಲೇ ಇರುತ್ತಿದ್ದ ಮೈದುನನ ಕಿವಿಗೆ ಆ ಬೈಗುಳ ಬಿದ್ದಿರಲಿಲ್ಲ.

ಮಳೆ ಮುಗಿದು ಇರುಳು ಬೆಳೆಯತೊಡಗಿದಾಗ ಅವಳು ಬೀದಿಯ ಜನ ಕೇಳುವ ಹಾಗೆ ಅವನನ್ನು ನಿಲ್ಲಿಸಿದಳು.

“ಕೋಣೆ ಸುತ್ತ ಹಾವು ಓಡಾಡ್ತವೆ ಕಣಪ್ಪ. ಒಂಟಿ ಹೆಂಗಸು. ಒಂದು ದೀಪ ಹಾಕಿಸ್ಕೊಡು.”

ನಾಲ್ಕು ಜನರೆದುರು ಒಳ್ಳೆಯವನಾಗುವ ಅವಕಾಶ ಬಿಟ್ಟಾನೆಯೇ? ಮರುದಿನವೇ ಸೂರಿನ ಸುತ್ತ ದೊಡ್ಡ ಬಲ್ಬುಗಳನ್ನು ಹಾಕಿಸಿದ. ಅವಳು ಇರುಳಿಡೀ ಆರಿಸಲಿಲ್ಲ, ತೋಟವೆಲ್ಲ ಬೆಳದಿಂಗಳು.

ಗಂಡ ನೆಟ್ಟ ಒಂದು ಸೇವಂತಿಗೆ ಕುಂಡ ಮಾತ್ರ ಅವಳ ಪಾಲಿಗೆ ಉಳಿದಿತ್ತು. ದಿನಾ ಸಂಜೆ ಅದನ್ನು ಒಳಗೆ ತಂದು ಮೇಲೆ ಹಂಡೆ ಕವುಚುವಳು, ಬೆಳಿಗ್ಗೆ ತೆಗೆಯುವಳು.

ಅಕ್ಕಪಕ್ಕದ ತೋಟಗಳು ಹಳದಿಯಾದವು. ಮೈದುನನದು ಹಸಿರಾಗಿಯೇ ಉಳಿಯಿತು. ಗೊಬ್ಬರ ಸುರಿದ, ಕೂಲಿಯವರನ್ನು ಬೈದ, ಔಷಧಿ ಹೊಡೆಸಿದ. ಅವನ ಹೆಂಡತಿ, “ಬುಟ್ಟೀಲಿ ಸೊಪ್ಪನ್ನೇ ತುಂಬ್ಕೊಂಡು ಹೋಗಿ, ಯಾರಾದ್ರೂ ಸಾರಿಗೆ ತಗೋತಾರೆ” ಅಂದಳು. ಅತ್ತಿಗೆ ಹೊಸ್ತಿಲಲ್ಲಿ ಕೂತು ಕಣ್ತುಂಬ ನೋಡಿದಳು.

ಅಲ್ಲೇ ಅವಳು ಎಡವಿದಳು. ಕುಂಡ ಹೂವಾಯಿತು. ಸಂಭ್ರಮ ತಡೆಯಲಾಗದೆ ಅದನ್ನು ಬಿಸಿಲಿಗಿಟ್ಟಳು. ಮೈದುನ ನೋಡಿಯೇಬಿಟ್ಟ.

“ಇದೊಂದೇ ಹೇಗೆ ಬಿಡ್ತು ಅತ್ತಿಗೆ?”

ಇನ್ನು ಮುಚ್ಚಿಟ್ಟು ಫಲವಿರಲಿಲ್ಲ. “ಇದಕ್ಕೆ ರಾತ್ರಿ ಕತ್ತಲೆ ಸಿಗುತ್ತೆ. ನಿನ್ನವಕ್ಕೆ ನೀನೇ ಬಲ್ಬು ಹಾಕ್ಸಿದ್ದೀಯಲ್ಲ ರಾಯ.”

ಅವನು ಸೂರು ನೋಡಿದ, ತೋಟ ನೋಡಿದ.

“ಈಗ್ಲೇ ಕಿತ್ತಾಕ್ತೀನಿ!”

“ಕೀಳು. ಅತ್ತಿಗೇನ ಹಾವಿನ ಬಾಯಿಗೆ ಬಿಟ್ಟ ಅಂತ ಬೀದಿಯೆಲ್ಲ ಸಾರ್ತೀನಿ. ಕಿತ್ರೂ ಈ ವರ್ಷದ ಹೊತ್ತು ಮೀರ್ತು. ಬರೋ ವರ್ಷ ಹೂವು ಬೇಕಾದ್ರೆ, ಬಾವಿ ಪಕ್ಕದ ಪಾತಿ ನಂದು ಅಂತ ಎಲ್ಲರೆದುರು ಹೇಳು.”

“ಹೇಳ್ದಿದ್ರೆ?”

“ಹಾವೇನು ಊರು ಬಿಟ್ಟು ಹೋಗಲ್ಲಪ್ಪ.”

ಅವನು ಬೀದಿಯವರೆದುರು ಹೇಳಿದ. ನಾನೂ ಅಲ್ಲೇ ನಿಂತಿದ್ದೆ. ಅವನ ಕಣ್ಣು ನೆಲ ಬಿಟ್ಟು ಏಳಲಿಲ್ಲ. ಅವಳು ಕುಂಡದ ಹೂವನ್ನೆಲ್ಲ ಕೊಯ್ದು ಎಲೆಯಲ್ಲಿ ಕಟ್ಟಿ ಅವನ ಕೈಗಿಟ್ಟಳು. “ನಿನ್ನ ಹೆಂಡ್ತಿಗೆ ಕೊಡು. ಈ ವರ್ಷದ ಬೆಳೆ.”

ಈಗ ಬಾವಿ ಪಕ್ಕ ಅವಳದೇ ಪಾತಿಗಳು. ಇರುಳು ಉದ್ದವಾಗುವ ಕಾಲಕ್ಕೆ ಮೈದುನ ದಿನಾ ಮುಸ್ಸಂಜೆ ಬೇಲಿಯ ಹತ್ತಿರ ಬಂದು ನಿಲ್ಲುತ್ತಾನೆ. ಅವಳು ಎಲ್ಲ ಬಲ್ಬು ಹೊತ್ತಿಸುತ್ತಾಳೆ. ಅವನು ಬಾಯಿ ಬಿಟ್ಟು “ಅತ್ತಿಗೆ...” ಅನ್ನುವವರೆಗೂ ಕಾಯುತ್ತಾಳೆ. ಆಮೇಲೆ ಆರಿಸುತ್ತಾಳೆ.