ಚಳಿಯಲ್ಲಿ ಕೊಟ್ಟ ತಂಪು ಹಾಲು

ಮಂಜಿನೊಳಗಿಂದ ಒಂದು ಕೈ ನಮ್ಮತ್ತ ಚಾಚಿತು. ಕೈಯಲ್ಲಿ ಹಿತ್ತಾಳೆಯ ಲೋಟ, ಲೋಟದಲ್ಲಿ ನೀರು ಬೆರೆಸಿದ ಸಿಹಿ ಹಾಲು. ಆಮೇಲೆ ಕಂಡದ್ದು ಉದ್ದನೆಯ ಗಡ್ಡ ಮತ್ತು ನೀಲಿ ಪೇಟ. ಯುದ್ಧಕ್ಕೆಂದು ನಮ್ಮ ಕಾಡಿನ ಮರ ಸಾಗಿಸಲು ಬಂದಿದ್ದ ಸಿಖ್ ಲಾರಿ ಡ್ರೈವರ್ ಆತ. ನಾನು, ಅಮ್ಮ ಕಳಸಕ್ಕೆ ನಡೆದು ಹೊರಟಿದ್ದೆವು. ಮೊದಲ ಮಳೆ ಬಿದ್ದು ಹಲ್ಲು ಕಟಕಟ ಎನ್ನುವ ಚಳಿ. ಆತನ ಪಕ್ಕದಲ್ಲಿದ್ದ ಹಾಲಿನ ಕೊಡ ಇನ್ನೂ ತುಂಬಿಯೇ ಇತ್ತು.

ಅಮ್ಮ ನನ್ನ ರಟ್ಟೆ ಹಿಡಿದು ಎಳೆದಳು. "ಕುಡೀಬೇಡ ಮಾರಾಯ್ತಿ, ಮದ್ದು ಹಾಕಿರ್ತಾರೆ."

ಆತನಿಗೆ ಅರ್ಥವಾಗಿರಬೇಕು. ಅಂಗೈಗೆ ಸುರಿದುಕೊಂಡು ತಾನೇ ಕುಡಿದು ತೋರಿಸಿದ. ಅರೆಬರೆ ಕನ್ನಡದಲ್ಲಿ, "ನಮ್ಮ ಗುರುವನ್ನ ಕಾದ ಕಬ್ಬಿಣದ ಮೇಲೆ ಕೂರಿಸಿದ್ರು ಅಮ್ಮ. ಇವತ್ತು ಅವರು ತೀರಿಕೊಂಡ ದಿನ. ದಾರೀಲಿ ಬಂದವರಿಗೆಲ್ಲ ತಂಪು ಕೊಡ್ಬೇಕು" ಎಂದ.

ಅಮ್ಮ ನಿಂತುಬಿಟ್ಟಳು. ಲೋಟ ಇಸಿದುಕೊಂಡು ಒಂದೇ ಉಸಿರಿಗೆ ಕುಡಿದಳು. ಖಾಲಿ ಲೋಟವನ್ನು ಮತ್ತೆ ಚಾಚಿ, ಬಚ್ಚಲೊಲೆಯ ಬೆಂಕಿ ಸೆರಗಿಗೆ ಹತ್ತಿ ಸತ್ತ ನನ್ನ ಅಕ್ಕನ ಹೆಸರೆತ್ತಿದಳು. ಮನೆಯಲ್ಲಿ ಯಾರೂ ಎತ್ತದ ಹೆಸರು ಅದು.

"ಇನ್ನೊಂದು ಲೋಟ ಕೊಡಿ. ನಮ್ಮ ಸುಬ್ಬಿಗೂ ಮೈಯೆಲ್ಲ ಉರೀತಿತ್ತು."

ಅಕ್ಕ ಸತ್ತಾಗಿನಿಂದ ಅಮ್ಮ ಮಲಗುವ ಮುಂಚೆ ಬಚ್ಚಲೊಲೆಗೆ ಒಂದು ಚೊಂಬು ನೀರು ಸುರಿಯುತ್ತಿದ್ದಳು. ಯಾಕೆಂದು ಕೇಳಿದರೆ, ಅಲ್ಲಿಂದ ನರಳುವುದು ಕೇಳಿಸುತ್ತದೆ ಎನ್ನುತ್ತಿದ್ದಳು. ನಾವು ನಂಬುತ್ತಿರಲಿಲ್ಲ. ಕಳಸದಿಂದ ಮರಳಿದ ಆ ರಾತ್ರಿ ಅವಳು ನೀರು ಸುರಿಯದೆ ಮಲಗಿದಳು. ಮನೆ ನಿಶ್ಶಬ್ದವಾಗಿತ್ತು. ಇಷ್ಟು ವರ್ಷ ಆ ನರಳಾಟ ನನಗೂ ಕೇಳಿಸುತ್ತಿತ್ತೆಂದು ತಿಳಿದದ್ದು, ಅದು ನಿಂತ ಮೇಲೆ.